ಸಿಗ್ನಲ್‌ನಲ್ಲಿ ನಿಂತಾಗ ಕ್ಲಚ್ ಒತ್ಕೊಂಡೇ ಇರ್ಬೇಕಾ, ನ್ಯೂಟ್ರಲ್‌ಗೆ ಹಾಕ್ಬೇಕಾ?

ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೀರಿ, ಎಡಗಾಲು ಕ್ಲಚ್ ಮೇಲಿಂದ ಪೂರ್ತಿ ತೆಗೀರಿ. ದಿನಾ ಸಿಲ್ಕ್ ಬೋರ್ಡ್ ದಾಟೋಷ್ಟರಲ್ಲಿ ಮೊಣಕಾಲು ಹಿಡ್ಕೊಳ್ಳುತ್ತೆ, ಫಸ್ಟ್ ಗೇರಲ್ಲೇ ಕ್ಲಚ್ ಒತ್ಕೊಂಡು ನಿಲ್ತೀನಿ ಅಂದ್ರಲ್ಲ, ನಾನೂ ಮೂರು ವರ್ಷ ಹಂಗೇ ಓಡಿಸ್ದೋನು. ಡ್ರೈವಿಂಗ್ ಸ್ಕೂಲಲ್ಲಿ "ಕ್ಲಚ್ ಬಿಡ್ಬೇಡಿ ಗಾಡಿ ಆಫ್ ಆಗುತ್ತೆ" ಅಂತ ನೂರು ಸಲ ಹೇಳಿದ್ದು ತಲೇಲಿ ಕೂತಿತ್ತು, ಅದರ ಜೊತೆಗೆ ಗ್ರೀನ್ ಬೀಳೋದಕ್ಕೂ ಮುಂಚೆನೇ ಹಿಂದಿನೋನು ಹಾರ್ನ್ ಹೊಡೀತಾನಲ್ಲ, ಆ ಭಯ ಬೇರೆ.

ಆಮೇಲೆ ಸುಮಾರು 40 ಸಾವಿರ ಕಿಲೋಮೀಟರಿಗೇ ಗಾಡಿ ಏರಲ್ಲಿ ಎಳೀದೇ ಹೋಯ್ತು, ಆಕ್ಸಿಲರೇಟರ್ ಒತ್ತಿದ್ರೆ ಇಂಜಿನ್ ಕೂಗುತ್ತೆ, ಗಾಡಿ ಮಾತ್ರ ಮುಂದಕ್ಕೆ ಹೋಗಲ್ಲ. ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸಿ ಇಂಜಿನ್ ಶಕ್ತಿನ ಗೇರ್‌ಬಾಕ್ಸಿಗೆ ದಾಟಿಸೋ ಹಳೇ ಕ್ಲಚ್ ಪ್ಲೇಟ್ ನನ್ ಕೈಗೇ ಕೊಟ್ಟ. ಲೈನಿಂಗ್ ಸವೆದು ರಿವೆಟ್ ತಲೆಗಳು ಬೆರಳಿಗೆ ಸಿಗ್ತಿದ್ವು, ಅದನ್ನ ಒತ್ತಿ ಹಿಡಿಯೋ ಪ್ರೆಶರ್ ಪ್ಲೇಟ್ ಮೇಲೆ ಬಿಸಿಗೆ ನೀಲಿ ನೀಲಿ ಕಲೆ, ಪೆಡಲ್ ಒತ್ತಿದಾಗ ಪ್ಲೇಟ್ ಬಿಡಿಸೋ ರಿಲೀಸ್ ಬೇರಿಂಗ್ ಕೈಯಲ್ಲಿ ತಿರುಗಿಸಿದ್ರೆ ಕರಕರ ಅಂತಿತ್ತು. "ಸಾರ್, ಗಾಡೀದೇನೂ ತಪ್ಪಿಲ್ಲ, ಎಲ್ಲಾ ನಿಮ್ ಎಡಗಾಲ್ದೇ" ಅಂದ.

ಇಲ್ಲಿ ಒಂದು ವಿಷಯ ತುಂಬಾ ಜನ ಕಲಸ್ಕೋತಾರೆ. ಕ್ಲಚ್ ಪೂರ್ತಿ ಒತ್ತಿ ನಿಂತ್ರೆ ಪ್ಲೇಟ್ ಸವೆಯಲ್ಲ, ಆಗ ಪ್ಲೇಟ್ ಬಿಡಿಸ್ಕೊಂಡಿರುತ್ತೆ. ಪೆಟ್ಟು ಬೀಳೋದು ರಿಲೀಸ್ ಬೇರಿಂಗಿಗೆ, ನೀವು ಒತ್ತಿರೋಷ್ಟು ಹೊತ್ತೂ ಅದು ಸ್ಪ್ರಿಂಗ್ ತಳ್ಕೊಂಡೇ ತಿರುಗ್ತಿರುತ್ತೆ. ಪ್ಲೇಟ್ ತಿನ್ನೋದು ಹಾಫ್ ಕ್ಲಚ್, ಅಂದ್ರೆ ಪೆಡಲ್ ಅರ್ಧ ಮಾತ್ರ ಒತ್ತಿ ಪ್ಲೇಟ್ ಜಾರ್ತಾ ಉಜ್ಜೋದು. ಆದ್ರೆ ಎರಡು ನಿಮಿಷ ಒತ್ಕೊಂಡು ಕೂತ ಕಾಲು ಸುಸ್ತಾಗಿ ತಾನಾಗೇ ಸ್ವಲ್ಪ ಮೇಲೆ ಬರುತ್ತೆ, ನಿಮಗೆ ಗೊತ್ತೇ ಆಗಲ್ಲ, ಪೂರ್ತಿ ಇದ್ದಿದ್ದು ಹಾಫ್ ಆಗಿರುತ್ತೆ. ಕಾಲು ಜಾರಿದ್ರಂತೂ ಗಾಡಿ ಹಾರಿ ಮುಂದಿನೋನ ಬಂಪರಿಗೆ. ಕೆಲವು ಮ್ಯಾನುಯಲ್ ಗಾಡಿಗಳಲ್ಲಿ ಸಿಗ್ನಲಲ್ಲಿ ಇಂಜಿನ್ ತಾನೇ ಆಫ್ ಆಗೋ ಸಿಸ್ಟಮ್ ಇದ್ಯಲ್ಲ, ಅದೂ ಸಾಮಾನ್ಯವಾಗಿ ನ್ಯೂಟ್ರಲ್‌ಗೆ ಹಾಕಿ ಕ್ಲಚ್ ಬಿಟ್ಟ ಮೇಲೇ ಕೆಲಸ ಮಾಡೋದು, ಅಂದ್ರೆ ಕಂಪನಿಯೋರೂ ನೀವು ಹಂಗೇ ನಿಲ್ತೀರ ಅಂದ್ಕೊಂಡೇ ಮಾಡಿರೋದು.

ಹಾರ್ನ್ ಭಯಕ್ಕೆ ಔಷಧಿ ಸಿಗ್ನಲ್ ಮೇಲಿರೋ ಟೈಮರ್. 5 ಸೆಕೆಂಡ್ ಇರೋವಾಗ ಗೇರ್ ಹಾಕ್ಕೊಳ್ಳಿ, ಬೇಕಾದಷ್ಟು ಟೈಮ್. ಟೈಮರ್ ಇಲ್ದೇ ಇರೋ ಕಡೆ ಮುಂದಿನ ಗಾಡಿಗಳ ಬ್ರೇಕ್ ಲೈಟ್ ಒಂದೊಂದಾಗಿ ಆರೋದು ನೋಡಿದ್ರೆ ಸಾಕು.

ಆದ್ರೆ ಒಂದು ಕಡೆ ಮಾತ್ರ ಬೇಗ ನ್ಯೂಟ್ರಲ್ ಮಾಡ್ಬೇಡಿ. ನೆಲಮಂಗಲ ಕಡೆ ಹೈವೇಲಿ ಸಡನ್ನಾಗಿ ಜಾಮ್ ಆಗಿ ಸಾಲಲ್ಲಿ ನೀವೇ ಕೊನೇ ಗಾಡಿ ಆದ್ರೆ ಫಸ್ಟ್ ಗೇರಲ್ಲೇ ಇರಿ, ಬ್ರೇಕ್ ಮೇಲೆ ಕಾಲಿಟ್ಟು ಲೈಟ್ ಉರೀಲಿ, ಕನ್ನಡಿ ನೋಡ್ತಾ ಇರಿ. ಹಿಂದೆ ಬರೋ ಲಾರಿ ನಿಂತಿದ್ದು ಕಣ್ಣಾರೆ ಕಂಡ ಮೇಲೆ ರಿಲ್ಯಾಕ್ಸ್ ಮಾಡಿ.

ಗ್ಯಾಪ್: ಮುಂದಿನ ಕಾರಿನ ಹಿಂದಿನ ಟೈರ್ ರಸ್ತೆ ಮುಟ್ಟೋದು ಕಾಣೋಷ್ಟು ಬಿಡಿ. ಬೆಂಗಳೂರಲ್ಲಿ ಅಷ್ಟು ಬಿಟ್ರೆ ಎರಡು ಸ್ಕೂಟರ್ ಒಂದು ಆಟೋ ಬಂದು ಸೇರ್ಕೊಳ್ಳುತ್ತೆ, ಗೊತ್ತು, ಸೇರ್ಕೊಳ್ಲಿ ಬಿಡಿ. ಮುಂದಿನೋನು ಕೆಟ್ಟು ನಿಂತ್ರೆ ರಿವರ್ಸ್ ತಗೊಳ್ದೇ ಪಕ್ಕಕ್ಕೆ ಎಳ್ಕೊಂಡು ಹೋಗೋಕೆ ಆ ಜಾಗ ಬೇಕು. ತೆವಳೋ ಟ್ರಾಫಿಕಲ್ಲೂ ಅಷ್ಟೇ, ಒಂದೊಂದು ಅಡಿಗೂ ಹೋಗಿ ನಿಲ್ಬೇಡಿ, ಎರಡು ಕಾರಿನಷ್ಟು ಜಾಗ ಬಿಟ್ಕೊಳ್ಳೋವರೆಗೂ ಕಾದು ಫಸ್ಟ್ ಗೇರಲ್ಲಿ ಕ್ಲಚ್ ಪೂರ್ತಿ ಬಿಟ್ಟು ಆಕ್ಸಿಲರೇಟರ್ ಮುಟ್ದೇ ಉರುಳಿಸಿ, ನಡ್ಕೊಂಡು ಹೋಗೋರಿಗಿಂತ ಸ್ವಲ್ಪ ಜೋರಾಗಿ ತಾನೇ ಹೋಗುತ್ತೆ.

ಹೆಬ್ಬಾಳ ಫ್ಲೈಓವರ್ ಹತ್ತೋವಾಗ ಜಾಮ್ ಆದ್ರೆ ತುಂಬಾ ಜನ ಹಾಫ್ ಕ್ಲಚ್ಚಲ್ಲೇ ಗಾಡಿ ಹಿಡ್ಕೊಂಡು ನಿಲ್ತಾರೆ, ಸ್ವಲ್ಪ ಹೊತ್ತಿಗೇ ಸುಟ್ಟ ವಾಸನೆ. ಹ್ಯಾಂಡ್‌ಬ್ರೇಕ್ ಹಾಕಿರಿ. ಹೊರಡೋವಾಗ ಫಸ್ಟ್ ಹಾಕಿ ನಿಧಾನಕ್ಕೆ ಕ್ಲಚ್ ಬಿಡಿ, ಇಂಜಿನ್ ಸೌಂಡ್ ಸ್ವಲ್ಪ ಕುಗ್ಗಿ ಬಾನೆಟ್ ಒಂಚೂರು ಮೇಲೆ ಎದ್ದ ಹಾಗಾಗುತ್ತೆ, ಆಗ ಚೂರು ಆಕ್ಸಿಲರೇಟರ್ ಕೊಟ್ಟು ಹ್ಯಾಂಡ್‌ಬ್ರೇಕ್ ಇಳಿಸಿ. ಒಂದಿಂಚೂ ಹಿಂದಕ್ಕೆ ಹೋಗಲ್ಲ. ಭಾನುವಾರ ಬೆಳಿಗ್ಗೆ ಖಾಲಿ ಏರು ನೋಡಿ ಹತ್ತು ಸಲ ಮಾಡಿ, ಬಂದ್ಬಿಡುತ್ತೆ.

ಮೊಣಕಾಲಿನ ವಿಷಯಕ್ಕೆ ಇನ್ನೊಂದು, ಕ್ಲಚ್ ಪೂರ್ತಿ ಒತ್ತಿದಾಗ ನಿಮ್ಮ ಕಾಲು ಕಡ್ಡಿ ತರ ನೆಟ್ಟಗಾಗ್ತಿದ್ರೆ ಸೀಟ್ ದೂರ ಇದೆ ಅಂತ. ಸ್ವಲ್ಪ ಮಡಚಿಕೊಂಡೇ ಇರ್ಬೇಕು. ನಂದು ಎರಡು ಕ್ಲಿಕ್ ಮುಂದಕ್ಕೆ ಹಾಕಿದ್ಮೇಲೆ ಅರ್ಧ ನೋವು ಅಲ್ಲೇ ಹೋಯ್ತು.