ರಾಜೀವ ಎಲ್ಲಿಗೆ ಹೋದ?

ಸೀಕ್ವೆಲ್ ಬರಬೇಕಿತ್ತು ಆದ್ರೆ ಬರಲೇ ಇಲ್ಲ ಅನ್ನೋ ಒಳ್ಳೆ ಸಿನಿಮಾ ಯಾವುದು ಅಂತ ಕೇಳಿದೀರ. ನನಗೆ ಒಂದೇ ಹೆಸರು ಬರೋದು, ಬಂಗಾರದ ಮನುಷ್ಯ.

1972ರ ಸಿನಿಮಾ, ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ಡೈರೆಕ್ಷನ್. ಬೆಂಗಳೂರಿನ ಸ್ಟೇಟ್ಸ್ ಥಿಯೇಟರಲ್ಲಿ ಎರಡು ವರ್ಷ ಓಡಿದ್ದು ಎಲ್ಲರಿಗೂ ಗೊತ್ತು. ಇಷ್ಟು ಓಡಿದ ಸಿನಿಮಾಗೆ ಕೊನೇಲಿ ಏನಾಗುತ್ತೆ ನೋಡಿ, ಅಕ್ಕನ ಮನೆಗೋಸ್ಕರ ಕಲ್ಲು ಭೂಮಿನ ಹಸನು ಮಾಡಿ, ಹೆಂಡತೀನೂ ಕಳ್ಕೊಂಡು, ಅಕ್ಕನ ಮಕ್ಕಳನ್ನ ದಡ ಸೇರಿಸಿದ ರಾಜೀವ ಅದೇ ಅಕ್ಕನ ಮಗನ ಮಾತಿಗೆ ನೊಂದು ಯಾರಿಗೂ ಹೇಳದೆ ಮನೆ ಬಿಟ್ಟು ಹೋಗ್ತಾನೆ. ಅಷ್ಟೇ, ಸಿನಿಮಾ ಮುಗೀತು. ನಮ್ಮಮ್ಮ ಟಿವಿಲಿ ಯಾವಾಗ ಬಂದ್ರೂ ಕೂತು ನೋಡ್ತಾರೆ, ಪ್ರತಿ ಸಲ ಸೆರಗಲ್ಲಿ ಕಣ್ಣೊರೆಸ್ಕೊಂಡು ಅದೇ ಪ್ರಶ್ನೆ, "ಪಾಪ, ಎಲ್ಲಿಗೆ ಹೋದ್ನೋ?"

ನಾನು ಶಿಡ್ಲಘಟ್ಟದ ಕಡೆಯವನು, ರೇಷ್ಮೆ ಬೆಳೆ ನಮ್ಮದು. ಅಪ್ಪ ಆ ಸಿನಿಮಾ ನೋಡಿಯೇ ಬೆಂಗಳೂರಿನ ಕೆಲಸ ಬೇಡ ಅಂತ ಹೊಲಕ್ಕೆ ವಾಪಸ್ ಬಂದೋರು. ಮೊದಲನೇ ಬೋರಲ್ಲಿ ಹದಿನೈದು ವರ್ಷ ನೀರು ಬಂತು, ಎರಡನೇದು ನಾಕೇ ವರ್ಷ, ಮೂರನೇದು 1,300 ಅಡಿ ಕೊರೆಸಿದ್ವಿ, ಲಾರಿ ಹೋಗೋವರೆಗೂ ಬರೀ ಬಿಳಿ ಧೂಳು. ಆಮೇಲೆ ಹಿಪ್ಪುನೇರಳೆ ಉಳಿಸ್ಕೊಳಕ್ಕೆ ಟ್ಯಾಂಕರ್ ನೀರು, ಗೂಡು ಮಾರಿದ ದುಡ್ಡೆಲ್ಲ ಟ್ಯಾಂಕರಿನವನಿಗೆ.

ಅದಕ್ಕೇ ನನಗೆ ಸೀಕ್ವೆಲ್ ಬೇಕು ಅನ್ಸೋದು. ರಾಜೀವನ್ನ ವಾಪಸ್ ಕರ್ಕೊಂಡು ಬನ್ನಿ ಅಂತಲ್ಲ, ಅಣ್ಣಾವ್ರ ಜಾಗದಲ್ಲಿ ಇನ್ನೊಬ್ರನ್ನ ನಿಲ್ಲಿಸೋದು ನನಗೆ ಇಷ್ಟ ಇಲ್ಲ. ಅವನು ಬಿಟ್ಟು ಹೋದ ಆ ಭೂಮಿ ಏನಾಯ್ತು ಅಂತ ತೋರಿಸ್ಬೇಕಿತ್ತು. ಅಕ್ಕನ ಮಕ್ಕಳು ಪಾಲು ಮಾಡ್ಕೊಂಡ್ರಾ, ಮಾರಿದ್ರಾ, ಬಾವಿ ಬತ್ತಿದ ಮೇಲೆ ಯಾರು ಉಳಿದ್ರು? 2017ರಲ್ಲಿ ಶಿವಣ್ಣ ಬಂಗಾರ ಸನ್ ಆಫ್ ಬಂಗಾರದ ಮನುಷ್ಯ ಮಾಡಿದ್ರು, ಅದೂ ರೈತರ ಕಷ್ಟದ್ದೇ, ಆದ್ರೆ ಅದು ಬೇರೆ ಕತೆ, ರಾಜೀವನ ಮನೆದಲ್ಲ.

ಬಂಗಾರದ ಮನುಷ್ಯದ "ಆಗದು ಎಂದು" ಹಾಡಲ್ಲಿ ವಿಶ್ವೇಶ್ವರಯ್ಯನವರ ಹೆಸರು, ಕನ್ನಂಬಾಡಿ ಎರಡೂ ಬರುತ್ತಲ್ವಾ, ಅವರು ಹುಟ್ಟಿದ್ದು ನಮ್ಮ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಲಿ. ನಂದಿಬೆಟ್ಟದ ಸುತ್ತ ಪಿನಾಕಿನಿ, ಪಾಲಾರ್, ಚಿತ್ರಾವತಿ ಹುಟ್ತಾವೆ, ಆದ್ರೂ ವರ್ಷಪೂರ್ತಿ ಹರಿಯೋ ಹೊಳೆ ನಮ್ಮ ಜಿಲ್ಲೇಲಿ ಒಂದೂ ಇಲ್ಲ. ಈಗ ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡ್ತಾರೆ, ಮೂರನೇ ಹಂತನೂ ಮಾಡಿ ಅಂತ ಜನ ಕೇಳ್ತಾನೇ ಇದಾರೆ. ಇದಕ್ಕಿಂತ ಒಳ್ಳೆ ಎರಡನೇ ಭಾಗದ ಕತೆ ಎಲ್ಲಿ ಸಿಗುತ್ತೆ ಹೇಳಿ.

ಇನ್ನೊಂದು ಹೆಸರು ಬೇಕಂದ್ರೆ ತಿಥಿ. ಮಂಡ್ಯ ಕಡೆ ಹಳ್ಳಿ ಜನರನ್ನೇ ಹಾಕಿ ಮಾಡಿದ್ದು, ಅಲ್ಲೂ ಜಮೀನಿನ ಜಗಳನೇ, ಮೊಮ್ಮಗನ ಕಾಲಕ್ಕೆ ಏನಾಯ್ತು ಅಂತ ನೋಡೋ ಆಸೆ ಇತ್ತು. ಆಪ್ತಮಿತ್ರಕ್ಕೆ ಆರೇ ವರ್ಷಕ್ಕೆ ಆಪ್ತರಕ್ಷಕ ಬಂತು, ಅದರಲ್ಲಿನ ದೆವ್ವ ನಾಗವಲ್ಲಿಗೆ ಸಿಕ್ಕಿದ್ದು ರಾಜೀವನ ಹೊಲಕ್ಕೆ ಸಿಗಲಿಲ್ಲ.

ಅಪ್ಪಂಗೆ ಈಗ ಎಪ್ಪತ್ತು ದಾಟಿದೆ. ಮೊನ್ನೆ ಇದನ್ನೇ ಕೇಳ್ದೆ, ರಾಜೀವ ಎಲ್ಲಿಗೆ ಹೋಗಿರ್ತಾನಪ್ಪ ಅಂತ. "ಎಲ್ಲಾದ್ರೂ ಇನ್ನೊಂದು ಪಾಳು ಭೂಮಿ ಹುಡುಕ್ಕೊಂಡಿರ್ತಾನೆ ಬಿಡೋ" ಅಂದ್ರು.