ಒಂದೇ ತಗಡಿನ ಎರಡು ಚಿತ್ರಗಳು

ಪ್ರಶ್ನೆ: ಇಟಲಿಯ ಕಲಾವಿದ ಪಿರಾನೇಸಿಯ ‘ಕಾರಾಗೃಹಗಳು’ ಮಾಲೆಯ ಒಂದೇ ಚಿತ್ರವನ್ನು ಎರಡು ಪುಸ್ತಕಗಳಲ್ಲಿ ನೋಡಿದೆ. ಒಂದರಲ್ಲಿ ಅದು ತೆಳುಗೆರೆಗಳಿಂದ ತಿಳಿಯಾಗಿದೆ. ಇನ್ನೊಂದರಲ್ಲಿ ಕಡುಗಪ್ಪಾಗಿದ್ದು, ಮೆಟ್ಟಿಲು, ಸರಪಳಿಗಳು ಹೆಚ್ಚಿವೆ. ಅಸಲಿ ಯಾವುದು?
– ಓದುಗರೊಬ್ಬರು, ಧಾರವಾಡ

ಉತ್ತರ: ಎರಡೂ ಅಸಲಿಯೇ. 1750ರ ಸುಮಾರಿಗೆ 14 ಚಿತ್ರಗಳಾಗಿ ಹೊರಬಂದಿದ್ದ ಈ ಮಾಲೆಯನ್ನು ಪಿರಾನೇಸಿ ಮತ್ತೆ ಕೈಗೆತ್ತಿಕೊಂಡು, ಹಳೆಯ ತಾಮ್ರದ ತಗಡುಗಳ ಮೇಲೆಯೇ ಹೊಸ ಗೆರೆಗಳನ್ನು ಮೂಡಿಸಿ, ಇನ್ನೆರಡು ಚಿತ್ರಗಳನ್ನು ಸೇರಿಸಿ, 1761ರಲ್ಲಿ ಪ್ರಕಟಿಸಿದನು. ನೀವು ನೋಡಿದ ಕಡುಗಪ್ಪು ಚಿತ್ರ ಈ ಎರಡನೆಯ ಆವೃತ್ತಿಯದು.

ತಗಡಿನಿಂದ ಚಿತ್ರವನ್ನು ಅಚ್ಚು ತೆಗೆಯುವ ಎಚ್ಚಿಂಗ್ ವಿಧಾನವು ಇದಕ್ಕೆ ಅವಕಾಶ ಕೊಡುತ್ತದೆ. ತಗಡಿಗೆ ಮೇಣದಂಥ ಲೇಪನ ಹಚ್ಚಿ, ಸೂಜಿಯಿಂದ ಗೀಚಿ, ಆಮ್ಲಕ್ಕೆ ಒಡ್ಡಿದರೆ, ಲೇಪನ ಕಿತ್ತುಹೋದ ಕಡೆಯಲ್ಲಿ ಮಾತ್ರ ಆಮ್ಲವು ತಾಮ್ರವನ್ನು ತಿನ್ನುತ್ತದೆ. ಹೆಚ್ಚು ಹೊತ್ತು ತಿಂದಷ್ಟೂ ಗೆರೆ ಆಳವಾಗುತ್ತದೆ. ಆಳವಾದ ಗೆರೆ ಹೆಚ್ಚು ಶಾಯಿ ಹಿಡಿದು ಕಾಗದದ ಮೇಲೆ ಕಪ್ಪಾಗಿ ಮೂಡುತ್ತದೆ. ಸಾಕೆನಿಸಿದ ಭಾಗಕ್ಕೆ ವಾರ್ನಿಷ್ ಬಳಿದು, ಉಳಿದದ್ದನ್ನು ಮತ್ತೆ ಮತ್ತೆ ಆಮ್ಲಕ್ಕೆ ಬಿಡುವುದರಲ್ಲಿ ಅವನಿಗಿದ್ದ ತಾಳ್ಮೆ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ವೆನಿಸ್ ಗಣರಾಜ್ಯದಲ್ಲಿ 1720ರಲ್ಲಿ ಕಲ್ಲುಕುಟಿಗನೊಬ್ಬನ ಮಗನಾಗಿ ಹುಟ್ಟಿ, ವಾಸ್ತುಶಿಲ್ಪಿಯಾಗಿದ್ದ ಸೋದರಮಾವನ ಬಳಿ ಪಳಗಿದ ಪಿರಾನೇಸಿ, 1740ರಲ್ಲಿ ವೆನಿಸ್ ರಾಯಭಾರಿಯ ಪರಿವಾರದೊಡನೆ ರೋಮಿಗೆ ಬಂದು, ಅಲ್ಲಿ ಜ್ಯುಸೆಪ್ಪೆ ವಾಸಿ ಎಂಬ ಕಲಾವಿದನಿಂದ ಎಚ್ಚಿಂಗ್ ಕಲಿತನು. ಪ್ರಾಚೀನರಂತೆ ಭವ್ಯವಾಗಿ ಕಟ್ಟಿಸುವವರು ತನ್ನ ಕಾಲದಲ್ಲಿಲ್ಲ, ಹಾಗಾಗಿ ಚಿತ್ರಗಳಲ್ಲಿಯೇ ಕಟ್ಟಬೇಕು ಎಂಬ ಅರ್ಥದ ಮಾತನ್ನು 1743ರ ತನ್ನ ಮೊದಲ ಸಂಪುಟದಲ್ಲಿಯೇ ಬರೆದನು. 1778ರಲ್ಲಿ ತೀರಿಕೊಳ್ಳುವವರೆಗೂ ಬೆಳೆಯುತ್ತ ಹೋದ ‘ರೋಮಿನ ನೋಟಗಳು’ ಮಾಲೆಯಲ್ಲಿ 135 ಚಿತ್ರಗಳಿವೆ. ಕಲ್ಲು ಗಾರೆಯಲ್ಲಿ ಅವನ ಮುಖ್ಯ ಕೆಲಸವೆಂದರೆ ರೋಮಿನ ಆವೆಂಟೈನ್ ಗುಡ್ಡದ ಒಂದು ಚರ್ಚು. 1760ರ ದಶಕದಲ್ಲಿ ಅದನ್ನು ನವೀಕರಿಸಿದ ಅವನ ಸಮಾಧಿಯೂ ಅಲ್ಲಿಯೇ ಇದೆ.

ನನ್ನ ಮೆಚ್ಚುಗೆ ಎರಡನೆಯ ಆವೃತ್ತಿಗೆ. ಕಮಾನಿನ ಹಿಂದೆ ಕಮಾನು ಬಂದು, ಮೆಟ್ಟಿಲುಗಳು ಎಲ್ಲಿ ಮುಗಿಯುತ್ತವೆಂದು ತಿಳಿಯದೆ ಕಣ್ಣು ಕತ್ತಲೆಯಲ್ಲಿ ಅಲೆಯುತ್ತದೆ. ಆದರೆ ಒಂದು ನಷ್ಟವನ್ನು ಹೇಳಲೇಬೇಕು: ಅವನ ತಗಡುಗಳು ಈಗಲೂ ರೋಮಿನಲ್ಲಿವೆಯಾದರೂ, ಹಳೆಯ ಗೆರೆಗಳ ಮೇಲೆ ಹೊಸವು ಕೂತಿರುವುದರಿಂದ, ನೀವು ನೋಡಿದ ಆ ತಿಳಿಯಾದ ಚಿತ್ರವನ್ನು ಅವುಗಳಿಂದ ಇನ್ನು ಅಚ್ಚು ತೆಗೆಯಲಾಗದು. ಅದು ಅಂದು ಅಚ್ಚಾದ ಹಾಳೆಗಳಲ್ಲಿ ಮಾತ್ರ ಉಳಿದಿದೆ.