ಮಲಗೇ ಇರುವ ಇರುವೆಬಾಕ ಚೆನ್ನಾಗಿದೆಯಾ?

ಪ್ರಶ್ನೆ: ಮಗಳನ್ನು ಕರೆದುಕೊಂಡು ಮೃಗಾಲಯಕ್ಕೆ ಹೋಗಿದ್ದೆ. ದೊಡ್ಡ ಇರುವೆಬಾಕ ಬೆಳಗ್ಗೆಯೆಲ್ಲ ಬಾಲ ಹೊದ್ದು ಮಲಗಿತ್ತು. ಮಧ್ಯಾಹ್ನ ಎದ್ದು ಬೇಲಿಯ ಪಕ್ಕ ಒಂದೇ ದಾರಿಯಲ್ಲಿ ಹಿಂದೆ ಮುಂದೆ ನಡೆಯುತ್ತಲೇ ಇತ್ತು. ಮುಂಗಾಲು ಮಡಚಿ ಕುಂಟಿದ ಹಾಗೂ ಕಾಣಿಸಿತು. ಅದಕ್ಕೇನಾದರೂ ತೊಂದರೆ ಇದೆಯಾ?

ಉತ್ತರ: ನೀವು ಮೂರು ವಿಷಯ ಗಮನಿಸಿದ್ದೀರಿ. ಅದರಲ್ಲಿ ಎರಡಕ್ಕೆ ಗಾಬರಿ ಬೇಡ. ಮೂರನೆಯದು ಯೋಚಿಸಬೇಕಾದದ್ದು.

ಮೊದಲು ನಿದ್ದೆ. ದಿನಕ್ಕೆ 14-15 ಗಂಟೆ ಮಲಗುವುದು ಈ ಪ್ರಾಣಿಗೆ ಸಹಜ. ಇರುವೆ, ಗೆದ್ದಲಿನಿಂದ ಸಿಗುವ ಶಕ್ತಿ ಕಡಿಮೆ. ಹಾಗಾಗಿ ಅದರ ದೇಹ ನಿಧಾನವಾಗಿ ಕೆಲಸ ಮಾಡುತ್ತದೆ, ಮೈಬಿಸಿಯೂ ಸುಮಾರು 33 ಡಿಗ್ರಿ ಸೆಲ್ಸಿಯಸ್ ಅಷ್ಟೇ. ಆ ಪೊದೆಯಂಥ ಬಾಲವೇ ಅದರ ಕಂಬಳಿ. ಚಳಿಯಿದ್ದರೆ ಇನ್ನೂ ಮುದುಡಿಕೊಳ್ಳುತ್ತದೆ. ಎಷ್ಟು ಹೊತ್ತು ಮಲಗಿತು ಅನ್ನುವುದಕ್ಕಿಂತ ಅಭ್ಯಾಸ ಬದಲಾಯಿತಾ ಅನ್ನುವುದನ್ನು ನಾವು ನೋಡುತ್ತೇವೆ. ದಿನವೂ ಊಟದ ಹೊತ್ತಿಗೆ ಬಾಗಿಲ ಹತ್ತಿರ ಬರುವ ಪ್ರಾಣಿ ಒಂದು ದಿನ ಬರದಿದ್ದರೆ ಅವತ್ತೇ ಪರೀಕ್ಷೆ ಮಾಡಬೇಕು.

ಇನ್ನು ಕಾಲು. ಹುತ್ತ ಸೀಳುವ ಅದರ ಉಗುರು ಸುಮಾರು 10 ಸೆಂ.ಮೀ. ಬೆಳೆಯುತ್ತದೆ. ಅದು ಸವೆಯದಿರಲಿ ಎಂದು ಬೆರಳುಗಳನ್ನು ಒಳಕ್ಕೆ ಮಡಚಿ, ಗೆಣ್ಣಿನ ಮೇಲೆ ಭಾರ ಹಾಕಿ ನಡೆಯುತ್ತದೆ. ಮೊದಲ ಸಲ ನೋಡಿದವರಿಗೆಲ್ಲ ಕುಂಟಿದ ಹಾಗೇ ಕಾಣುತ್ತದೆ. ನಿಜವಾಗಿ ಕುಂಟುವಾಗ ಒಂದೇ ಕಾಲನ್ನು ಬೇಗ ಎತ್ತುತ್ತದೆ, ತಲೆ ಒಂದು ತಾಳಕ್ಕೆ ಮೇಲೆ ಕೆಳಗೆ ಆಡುತ್ತದೆ. ಆದರೆ ಅಗೆಯುವ, ಸೀಳುವ ಕೆಲಸವೇ ಇಲ್ಲದಿದ್ದರೆ ಉಗುರು ಅತಿಯಾಗಿ ಬೆಳೆದು ಬಾಗಿ, ಅಂಗೈಗೇ ಚುಚ್ಚಿ ಗಾಯ ಮಾಡಬಹುದು. ಅದಕ್ಕೇ ಪಾಲಕರು ಆಗಾಗ ಅಂಗಾಲು ನೋಡಲೇಬೇಕು.

ಈಗ ಆ ನಡಿಗೆ. ನನಗೆ ಬೇಸರವಾಗಿದ್ದು ಅದನ್ನು ಓದಿ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಹುಲ್ಲುಗಾವಲಿನಲ್ಲಿ ಇದೇ ಪ್ರಾಣಿ ಮೂತಿ ನೆಲಕ್ಕಿಟ್ಟು ಮೂಸುತ್ತಾ ಹುತ್ತದಿಂದ ಹುತ್ತಕ್ಕೆ ಹೋಗುತ್ತದೆ. ಒಂದು ಹುತ್ತದಲ್ಲಿ ತುಂಬಾ ಹೊತ್ತು ನಿಲ್ಲುವುದಿಲ್ಲ. ಕಾವಲಿನ ಗೆದ್ದಲುಗಳು ಕಚ್ಚಲು ಶುರು ಮಾಡಿದ ಕೂಡಲೇ ಮುಂದಕ್ಕೆ ಹೊರಡುತ್ತದೆ. ಹೀಗೆ ದಿನಕ್ಕೆ 30,000ದವರೆಗೂ ಹುಳು ತಿನ್ನಬಲ್ಲದು. ಎದ್ದಿರುವ ಹೊತ್ತೆಲ್ಲ ಹುಡುಕಾಟವೇ. ಮೃಗಾಲಯದಲ್ಲಿ ಅದೇ ಆಹಾರವನ್ನು ಒಂದೇ ಬಟ್ಟಲಿನಲ್ಲಿ ಕಲಸಿ ಇಟ್ಟರೆ? ನಿಮಿಷಗಳಲ್ಲಿ ಖಾಲಿ. ಹೊಟ್ಟೆ ತುಂಬಿತು, ಆದರೆ ದಿನ ತುಂಬಲಿಲ್ಲ. ಆ ಖಾಲಿ ಹೊತ್ತೇ ಬೇಲಿಯ ಪಕ್ಕದ ನಡಿಗೆ ಆಗಿಬಿಡುತ್ತದೆ.

ಹಾಗಂತ ಒಂದು ಮಧ್ಯಾಹ್ನ ನೋಡಿ ತೀರ್ಪು ಕೊಡುವುದೂ ಸರಿಯಲ್ಲ. ಊಟಕ್ಕೆ ಸ್ವಲ್ಪ ಮುಂಚೆ ಅನೇಕ ಪ್ರಾಣಿಗಳು ಹಾಗೆ ಓಡಾಡುತ್ತವೆ. ಸರಿಯಾಗಿ ತಿಳಿಯಬೇಕಾದರೆ ಹಲವು ದಿನ, ಬೇರೆ ಬೇರೆ ಹೊತ್ತಿನಲ್ಲಿ, ಕೆಲವು ನಿಮಿಷಕ್ಕೊಮ್ಮೆ ಅದು ಏನು ಮಾಡುತ್ತಿದೆ ಎಂದು ಬರೆದಿಡಬೇಕು. ರಾತ್ರಿಗೆ ಕ್ಯಾಮೆರಾ ಬೇಕು. ಆಮೇಲೆ ಊಟವನ್ನು ಹಂಚಿಡಬೇಕು: ಕೊಳೆತ ಮರದ ದಿಮ್ಮಿಯ ಸಂದಿಯಲ್ಲಿ, ತೂತು ಕೊರೆದ ಕೃತಕ ಹುತ್ತದಲ್ಲಿ, ಮಣ್ಣಿನಡಿ ಹೂತ ಕೊಳವೆಯಲ್ಲಿ. ಜಾಗವನ್ನೂ ದಿನ ದಿನ ಬದಲಿಸಬೇಕು. ಮತ್ತೆ ಅದೇ ರೀತಿ ಬರೆದು ಹೋಲಿಸಿ ನೋಡಿದಾಗ ನಡಿಗೆ ಇಳಿದು ಮೂಸುವುದು, ಅಗೆಯುವುದು ಜಾಸ್ತಿಯಾಗಿದ್ದರೆ ಸರಿದಾರಿಯಲ್ಲಿದ್ದೇವೆ ಎಂದರ್ಥ. ಆವರಣ ದೊಡ್ಡದಿದೆಯಲ್ಲ, ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು. ಏನೂ ಹುಡುಕಲು ಇಲ್ಲದ ದೊಡ್ಡ ಅಂಗಳವೂ ಅದಕ್ಕೆ ಖಾಲಿ ಬಟ್ಟಲೇ.

ಪ್ರಶ್ನೆ: ಕೂಗುವುದಿಲ್ಲ, ಮುಖದಲ್ಲಿ ಏನೂ ಕಾಣುವುದಿಲ್ಲ. ಇಂಥ ಪ್ರಾಣಿಗೆ ಕಾಯಿಲೆ ಬಂದರೆ ವೈದ್ಯರಿಗೆ ಹೇಗೆ ಗೊತ್ತಾಗುತ್ತದೆ?

ಉತ್ತರ: ಮುಖ ನೋಡಿದರೆ ಗೊತ್ತಾಗುವುದಿಲ್ಲ, ನಿಜ. ತೂಕ, ಮಲ, ನಾಲಿಗೆ ಇವು ಹೇಳುತ್ತವೆ. ಉದ್ದ ಕೂದಲಿನ ಕೆಳಗೆ ಮೈ ಸೊರಗಿದ್ದರೂ ಕಣ್ಣಿಗೆ ಬೀಳದು. ಅದಕ್ಕೇ ತಕ್ಕಡಿಯ ಮೇಲೆ ತಾನಾಗಿ ನಿಲ್ಲುವುದನ್ನು ಕಲಿಸುತ್ತೇವೆ. ಬೆಣ್ಣೆಹಣ್ಣು ಅಂದರೆ ಇವಕ್ಕೆ ಪ್ರಾಣ. ಅದರ ಒಂದು ಚೂರು ತೋರಿಸಿದರೆ ಬಂದು ನಿಲ್ಲುತ್ತವೆ, ಹಿಡಿಯುವ, ಮಂಪರು ಕೊಡುವ ಹಿಂಸೆ ತಪ್ಪುತ್ತದೆ. ಸೊಂಟ ಮತ್ತು ಬೆನ್ನಿನ ಮೂಳೆ ಕೈಗೆ ಎಷ್ಟು ಸಿಗುತ್ತದೆ ಎಂದೂ ಆಗಲೇ ಮುಟ್ಟಿ ನೋಡಬಹುದು.

ಮೃಗಾಲಯದ ಇರುವೆಬಾಕಗಳ ಎಷ್ಟೋ ಕಾಯಿಲೆಗಳ ಬೇರು ಆಹಾರದಲ್ಲಿದೆ. ಸಾವಿರಾರು ಇರುವೆ, ಗೆದ್ದಲನ್ನು ದಿನವೂ ಒದಗಿಸುವುದು ಸಾಧ್ಯವಿಲ್ಲ. ಹಿಂದೆ ಹಾಲು, ಮೊಟ್ಟೆ, ಮಾಂಸ, ನಾಯಿ ಆಹಾರ ಎಲ್ಲ ಕಲಸಿ ಗಂಜಿ ಮಾಡಿ ಕೊಡುತ್ತಿದ್ದರು. ಮಲ ನೀರಾಗುತ್ತಿತ್ತು. ಟೌರಿನ್ ಎಂಬ ಪೋಷಕಾಂಶ ಸಾಲದೆ ಹೃದಯದ ಸ್ನಾಯು ಸಡಿಲಗೊಂಡ ದೊಡ್ಡ ಇರುವೆಬಾಕಗಳಿವೆ. ಅದರ ಚಿಕ್ಕ ನೆಂಟ ಟಮಂಡುವಾಗೆ ಎ ಮತ್ತು ಡಿ ವಿಟಮಿನ್ ಅತಿಯಾಗಿ ಬೆನ್ನುಮೂಳೆಗಳು ಬೆಳೆದು ಒಂದಕ್ಕೊಂದು ಅಂಟಿಕೊಂಡಿದ್ದೂ ಇದೆ. ಸರಾಗವಾಗಿ ಮರ ಹತ್ತುತ್ತಿದ್ದ ಪ್ರಾಣಿ ಮೈ ಬಿಗಿ ಹಿಡಿದು ನಡೆದರೆ ಎಕ್ಸ್‌ರೇ ತೆಗೆಯಿರಿ ಎನ್ನುವುದು ಇದಕ್ಕೇ. ಕೆ ವಿಟಮಿನ್ ಕೊರತೆಯಾದರೆ ರಕ್ತ ಸೋರುತ್ತದೆ. ಈಗ ಕೀಟ ತಿನ್ನುವ ಪ್ರಾಣಿಗಳಿಗೆಂದೇ ಸಿದ್ಧಪಡಿಸಿದ ಆಹಾರ ಸಿಗುತ್ತದೆ, ಪರಿಸ್ಥಿತಿ ಎಷ್ಟೋ ಸುಧಾರಿಸಿದೆ. ಆದರೂ ಮಲ ಗಟ್ಟಿಯಿದೆಯಾ ಎಂದು ದಿನವೂ ಬರೆದಿಡುವುದನ್ನು ನಾನು ಯಾವತ್ತೂ ಬಿಡಿಸುವುದಿಲ್ಲ. ಅದೇ ಮಲದಲ್ಲಿ ಒತ್ತಡದ ಹಾರ್ಮೋನಿನ ಮಟ್ಟವನ್ನೂ ಅಳೆಯಬಹುದು, ಪ್ರಾಣಿಯನ್ನು ಮುಟ್ಟುವುದೂ ಬೇಡ.

ಇನ್ನು ನಾಲಿಗೆ. ಹಲ್ಲಿಲ್ಲದ ಈ ಜೀವಕ್ಕೆ ಸುಮಾರು 60 ಸೆಂ.ಮೀ. ಉದ್ದದ ನಾಲಿಗೆಯೇ ಎಲ್ಲ. ಕೆಲವೊಮ್ಮೆ ಕೂದಲು, ನಾರು ಅಂಟು ಜೊಲ್ಲಿನ ಜೊತೆ ಸೇರಿ ನಾಲಿಗೆಯ ತುದಿಗೆ ಉಂಗುರದ ಹಾಗೆ ಬಿಗಿದುಬಿಡುತ್ತದೆ. ತುದಿ ಊದಿಕೊಂಡು, ರಕ್ತ ಓಡದೆ ಕೊಳೆಯಬಹುದು. ಪ್ರಾಣಿ ಊಟ ಬಿಟ್ಟಿರುವುದಿಲ್ಲ, ಸುಮ್ನೆ ನಿಧಾನ ಮಾಡುತ್ತದೆ ಅಷ್ಟೇ. ಹಾಗಾಗಿ ಊಟ ಮುಗಿಸಲು ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡಿ ಬರೆಯುವ ಪಾಲಕರು ನನಗೆ ಎಕ್ಸ್‌ರೇ ಯಂತ್ರದಷ್ಟೇ ಮುಖ್ಯ.

ಇದನ್ನೆಲ್ಲ ಒಟ್ಟಿಗೆ ನೋಡಲು ಮೆಲ್ಲರ್ ಮತ್ತು ರೀಡ್ ಎಂಬ ವಿಜ್ಞಾನಿಗಳು 1994ರಲ್ಲಿ ಒಂದು ಚೌಕಟ್ಟು ಕೊಟ್ಟರು. ಆಹಾರ, ಪರಿಸರ, ಆರೋಗ್ಯ, ನಡವಳಿಕೆ ಈ ನಾಲ್ಕನ್ನೂ ನೋಡಿ, ಐದನೆಯದಾದ ಮನಸ್ಥಿತಿಯನ್ನು ಅಂದಾಜು ಮಾಡುವುದು. ಮೊದಲ ಮೂರಕ್ಕೆ ಅಂಕ ಕೊಟ್ಟು ನಡವಳಿಕೆಯನ್ನು ಮರೆತುಬಿಟ್ಟರೆ, ಬೇಲಿಯ ಪಕ್ಕ ನಡೆಯುವ ನಿಮ್ಮ ಇರುವೆಬಾಕಕ್ಕೂ ಒಳ್ಳೆಯ ಅಂಕವೇ ಬರುತ್ತದೆ, ಅಲ್ವಾ?

ಪ್ರಶ್ನೆ: ಜೋಡಿಯಿಲ್ಲದೆ ಒಂದನ್ನೇ ಇಟ್ಟಿದ್ದಾರೆ. ಒಂಟಿತನ ಕಾಡುವುದಿಲ್ಲವೇ?

ಉತ್ತರ: ಕಾಡಿನಲ್ಲೂ ಇವು ಒಂಟಿಯೇ. ತಾಯಿ ಮತ್ತು ಬೆನ್ನ ಮೇಲೆ ಕೂತ ಮರಿ, ಕುಟುಂಬ ಅಂದರೆ ಅಷ್ಟೇ. ಗಂಡು ಹೆಣ್ಣು ಸೇರುವುದು ಬೆದೆಗೆ ಬಂದಾಗ ಮಾತ್ರ. ಹೊಂದದ ಎರಡನ್ನು ಒಂದೇ ಆವರಣದಲ್ಲಿ ಇಟ್ಟರೆ ಮೂತಿಯ ಮೇಲೆ ಗೀರು ಬೀಳುತ್ತದೆ, ಒಂದು ಪ್ರಾಣಿ ಮೂಲೆ ಬಿಟ್ಟು ಬರುವುದಿಲ್ಲ. ಬೇರೆ ಬೇರೆ ಇಟ್ಟು, ಆಗಾಗ ಒಂದರ ಆವರಣಕ್ಕೆ ಇನ್ನೊಂದನ್ನು ಬಿಡುವುದು ನನಗೆ ಹೆಚ್ಚು ಒಪ್ಪಿಗೆ. ಕಣ್ಣು ಮಂಕು, ಮೂಗು ಬಲು ಚುರುಕು. ಇನ್ನೊಂದು ಮಲಗಿದ್ದ ಹುಲ್ಲಿನ ಹಾಸಿಗೆಯನ್ನು ಮೂಸುವುದರಲ್ಲೇ ಅದು ಎಷ್ಟೋ ಹೊತ್ತು ಮುಳುಗಿರುತ್ತದೆ.